ಮುಹೂರ್ತಕ್ಕೆ ಒಣಗದ ಕಾಂಕ್ರೀಟು

ಹತ್ತು ಜನ ಸೇರಿ ನೂಕಿದರೂ ಕದಲದ ಎಂಜಿನ್ನು ತಾನಾಗಿಯೇ ಒಂದು ಪಕ್ಕೆ ಎತ್ತಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಎರಡು ತಿಂಗಳ ಹಿಂದೆ, ಪಲ್ಲಾವರಂನಲ್ಲಿ. ಎಂಜಿನ್ನಿಗೆ ಆಗಷ್ಟೇ ಹೂಮಾಲೆ ಹಾಕಿದ್ದರು.

ಅಕ್ಕನ ಗಂಡ ಶ್ರೀನಿವಾಸ ಭಾವ ಅಲ್ಲಿನ ಒಂದು ಎಣ್ಣೆ ಮಿಲ್ಲಿನಲ್ಲಿ ಎಂಜಿನಿಯರ್. ಮೊದಲಾಳಿ (ಮದರಾಸಿನಲ್ಲಿ ಮಾಲೀಕರಿಗೆ ಹೀಗೆನ್ನುತ್ತಾರೆ) ಲೈಸೆನ್ಸಿಗಾಗಿ ದೆಹಲಿಗೆ ಅಲೆದು, ಹಡಗಿನಲ್ಲಿ ತರಿಸಿದ ಡೀಸೆಲ್ ಎಂಜಿನ್ ಅದು. ಕಾಂಕ್ರೀಟ್ ಕಟ್ಟೆಯಲ್ಲಿ ಬೋಲ್ಟು ಹೂತು ಕೂರಿಸಿದ್ದರು. ಕಾಂಕ್ರೀಟು ಗಟ್ಟಿಯಾಗಲು ಇನ್ನೂ ಮೂರು ವಾರ ಬೇಕು. ಜೋಯಿಸರ ಮುಹೂರ್ತ ಶುಕ್ರವಾರಕ್ಕೇ.

ಭಾವ ಬೇಡವೆಂದರು. ಎಂಜಿನ್ನು ಶಾಫ್ಟನ್ನು ಒಂದು ಕಡೆ ತಿರುಗಿಸಿದರೆ, ಅದೇ ಬಲ ಎಂಜಿನ್ನನ್ನು ಇನ್ನೊಂದು ಕಡೆ ಹೊರಳಿಸಲು ನೋಡುತ್ತದಂತೆ. ಒಂದು ಬದಿ ಕಟ್ಟೆಯನ್ನು ಒತ್ತುತ್ತದೆ, ಇನ್ನೊಂದು ಬದಿ ಬೋಲ್ಟನ್ನು ಮೇಲಕ್ಕೆ ಜಗ್ಗುತ್ತದೆ. ನನ್ನ ತಲೆಗೆ ಹೋಗಲಿಲ್ಲ. ಬೆಂಚಿಗೆ ಬಿಗಿದಿದ್ದ, ಅಕ್ಕ ಕಾಫಿಬೀಜ ಪುಡಿಮಾಡುವ ಕೈಮೆಷಿನ್ ತೋರಿಸಿದರು. ಖಾಲಿ ತಿರುಗಿಸಿದರೆ ಸಾಧು. ಬೀಜ ಹಾಕಿ ತಿರುಗಿಸಿದರೆ ಬೆಂಚು ಬಿಟ್ಟು ಏಳಲು ಹವಣಿಸುತ್ತದೆ.

"ಖಾಲಿ ಓಡ್ಸಿದ್ರೆ ಪರವಾಗಿಲ್ಲಪ್ಪ. ಲೋಡ್ ಕೊಟ್ರೆ ಎಡಗಡೆ ಬೋಲ್ಟು ಕಿತ್ಕೊಂಡು ಬರತ್ತೆ," ಎಂದರು.

ಇದನ್ನೇ ಮೊದಲಾಳಿಗೂ ಹೇಳಿದ್ದರು. ಶುಭಕಾರ್ಯಕ್ಕೆ ಅಡ್ಡಬಾಯಿ ಹಾಕುವವರು ಬೇರೆ ಕೆಲಸ ನೋಡಿಕೊಳ್ಳಲಿ ಎಂಬ ಉತ್ತರ ಬಂತು. ಅಕ್ಕ ಹೆದರಿದಳು. ಮೂರು ಮಕ್ಕಳು, ಒಂದೇ ಸಂಬಳ.

"ಅವರ ಎಂಜಿನ್ನು, ಅವರ ಇಷ್ಟ. ನೀವ್ಯಾಕೆ ಸುಮ್ನೆ ಬಾಯಿ ಕೊಡ್ತೀರಿ?" ಎಂದಳು.

ಕೊನೆಗೆ ರಾಜಿಯಾಯಿತು. ಪೂಜೆ, ಮಾಲೆ, ಎರಡೇ ನಿಮಿಷ ಖಾಲಿ ಓಟ.

ಖಾಲಿ ಓಟ ಸೊಗಸಾಗಿತ್ತು. ಎಲ್ಲರೂ ಭಾವನ ಮುಖ ನೋಡಿ ನಕ್ಕರು. ಅಷ್ಟರಲ್ಲಿ ಮುಖ್ಯ ಅತಿಥಿಗಳಿಗೆ (ಯಾರೆಂದು ಕೇಳಬೇಡಿ) ಎಣ್ಣೆ ಸುರಿಯುವುದನ್ನೂ ಕಣ್ಣಾರೆ ನೋಡುವ ಆಸೆಯಾಯಿತು. ದೊಡ್ಡವರ ಆಸೆಗೆ ಇಲ್ಲವೆನ್ನುವುದುಂಟೇ? ಮೊದಲಾಳಿ ಕೈ ಬೀಸಿದರು. ಗಾಣದ ಯಂತ್ರದ ಭಾರವೆಲ್ಲ ಎಂಜಿನ್ನಿನ ಮೇಲೆ ಬಿತ್ತು. ಎಡಬದಿ ಬೋಲ್ಟು ಸಮೇತ ಎದ್ದಿತು! ಅತಿಥಿಗಳು ಚಪ್ಪಲಿ ಬಿಟ್ಟು ಓಡಿದರು. ಭಾವ ಒಳಗೆ ನುಗ್ಗಿ ಡೀಸೆಲ್ ನಿಲ್ಲಿಸಿದರು.

ತಪ್ಪು ಯಾರದು? ಮೊದಲಾಳಿ ಸಂಜೆಯೊಳಗೆ ಕಂಡುಹಿಡಿದರು. ಏಳುತ್ತದೆ ಎಂದು ಮೊದಲು ನುಡಿದವರು ಯಾರು? ಯಾವ ಬದಿ ಎಂಬುದನ್ನೂ ಬಿಡದೆ ಹೇಳಿರಲಿಲ್ಲವೇ? ಭಾವನ ಕೆಲಸ ಉಳಿಯಿತು, ಒಂದು ಷರತ್ತಿನ ಮೇಲೆ. ಮುಂದಿನ ಮುಹೂರ್ತದ ದಿನ ಅವರು ಮಿಲ್ಲಿನ ಹತ್ತಿರ ಸುಳಿಯಕೂಡದು. ನನಗೆ ಮೈಯೆಲ್ಲ ಉರಿಯಿತು. ಭಾವ ಹೊಸ ಕಟ್ಟೆ ಹಾಕಿಸಿದರು.

ಅಷ್ಟರಲ್ಲಿ ಆಡಿ ತಿಂಗಳು ಹಿಡಿಯಿತು. ನಮ್ಮ ಆಷಾಢದ ಹಾಗೆ ಅಲ್ಲಿ ಆಡಿಯಲ್ಲಿ ಶುಭಕಾರ್ಯವಿಲ್ಲ. ಹೀಗಾಗಿ ಎಂಜಿನಿಯರು ಕೇಳಿದರೂ ಸಿಗದ ಬಿಡುವು ಕಾಂಕ್ರೀಟಿಗೆ ಪಂಚಾಂಗದಿಂದಲೇ ಸಿಕ್ಕಿತು.

ಆಡಿ ಕಳೆದು, ಮೊನ್ನೆ ಶುಕ್ರವಾರದ ಮುಹೂರ್ತಕ್ಕೆ ಎಂಜಿನ್ನು ಪೂರ್ತಿ ಲೋಡಿನಲ್ಲಿ ಕೂದಲೆಳೆಯಷ್ಟೂ ಅಲುಗದೆ ಓಡಿತು. ಭಾವ ಮನೆಯಲ್ಲಿದ್ದರು.

ಎಲ್ಲಕ್ಕೂ ಅವರ ಬಾಯಿಯೇ ಕಾರಣ ಎನ್ನಲು ಇನ್ನೇನು ಪುರಾವೆ ಬೇಕು, ಹೇಳಿ?