ಶಾಲೆಯ ತಾರಸಿಗೆ ಸುಣ್ಣ ಬಳಿಸಿದವರು

ಹೋದ ವಾರ ನಮ್ಮ ಕಟ್ಟಡದ ತಾರಸಿಗೆ ಬಿಸಿಲು ತಡೆಯಲೆಂದು ಸುಣ್ಣ ಬಳಿಯುತ್ತಿದ್ದರು. ಒಣಗಿದ ಬಟ್ಟೆ ತರಲು ಮೇಲೆ ಹೋದವಳು ಆ ಹಸಿ ಸುಣ್ಣದ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ವಿಜಯವಾಡದ ನಮ್ಮ ಮನೆ ಮಾಲೀಕರು ನೆನಪಾದರು...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಧಾರವಾಡದಿಂದ ಒಬ್ಬಳೇ ಅಲ್ಲಿಗೆ ವರ್ಗವಾಗಿ ಹೋಗಿದ್ದೆ. ಅವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಅವರು, ಹೆಂಡತಿ, ಶಾಲೆಗೆ ಹೋಗುವ ಮಗಳು. ಅವರು ನಗರಪಾಲಿಕೆಯಲ್ಲಿ ಇಂಜಿನಿಯರು. ಪಾಲಿಕೆಯ ಕಟ್ಟಡಗಳಲ್ಲಿ ಕರೆಂಟು ಉಳಿಸುವ ದಾರಿ ಹುಡುಕುವ ಕೆಲಸ ಅವರ ಪಾಲಿಗೆ ಬಂದಿತ್ತು. ಬಳ್ಳಾರಿ ಕಡೆಯಿಂದ ಬಂದಿದ್ದ ಅಜ್ಜನ ಕನ್ನಡ ಅವರ ಬಾಯಲ್ಲಿ ಅರ್ಧಕ್ಕರ್ಧ ತೆಲುಗಾಗಿತ್ತು.

ಮೊದಲ ಬೇಸಿಗೆಯಲ್ಲೇ ನನ್ನ ಕೋಣೆ ಕಾದ ಹಂಚಾಯಿತು. ಒಂದು ಭಾನುವಾರ ಅವರೇ ಪಂಚೆ ಎತ್ತಿ ಕಟ್ಟಿ ತಾರಸಿಗೆಲ್ಲ ಸುಣ್ಣ ಬಳಿದರು. ಮಾರನೆಯ ಸಂಜೆ ನಾನು ಬರುವುದನ್ನೇ ಮೆಟ್ಟಿಲ ಬಳಿ ಕಾಯುತ್ತಿದ್ದರು.

"ತಣ್ಣಗಿದೆ ಕದಮ್ಮಾ?" 'ಅಲ್ವಾ' ಎನ್ನುವಲ್ಲೆಲ್ಲ ಅವರಿಗೆ ತೆಲುಗಿನ 'ಕದಾ'.

"ಸ್ವಲ್ಪ ಕಡಿಮಿ ಆಗೇದ್ರಿ ಸರ್."

"ಸ್ವಲ್ಪ ಅಂದ್ರೆ ಎಷ್ಟು?" ಎಂದು ಕಿಸೆಯಿಂದ ಥರ್ಮಾಮೀಟರು ತೆಗೆದೇಬಿಟ್ಟರು!

ಆ 'ಎಷ್ಟು' ಅವರನ್ನು ಗುಡ್ಡದ ಬುಡದಲ್ಲಿದ್ದ ಪಾಲಿಕೆ ಶಾಲೆಗೆ ಕರೆದೊಯ್ದಿತು. ಅಕ್ಕಪಕ್ಕದ ಎರಡು ಕೋಣೆಗಳು, ಅಳತೆಯೂ ಒಂದೇ. ಒಂದರ ತಾರಸಿಗೆ ಸುಣ್ಣ ಬಳಿಸಿ ಇನ್ನೊಂದನ್ನು ಹಾಗೇ ಬಿಟ್ಟರು. ದಿನವೂ ಊಟದ ಬಿಡುವಿನಲ್ಲಿ ಸ್ಕೂಟರಿನಲ್ಲಿ ಹೋಗಿ ಎರಡರ ಬಿಸಿಯನ್ನೂ ಬರೆದುಕೊಂಡು ಬರುತ್ತಿದ್ದರು. ನನಗೂ ಅದರ ಹುಚ್ಚು ಹಿಡಿಯಿತು. ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, "ಇವತ್ತೆಷ್ಟು ಸರ್?" ಎನ್ನುತ್ತಿದ್ದೆ. ಸುಣ್ಣದ ಕೋಣೆ ಪ್ರತಿದಿನವೂ ಗೆಲ್ಲುತ್ತಿತ್ತು. ಊರಿನ ಶಾಲೆಗಳಿಗೆಲ್ಲ ಹೀಗೇ ಮಾಡಬಹುದೆಂದು ವರದಿ ಬರೆದರು. ಮೇಲಧಿಕಾರಿ ಓದಲು ಒಪ್ಪಿದ್ದರು. ಇವರ ನಿವೃತ್ತಿಗೆ ಮೂರೇ ತಿಂಗಳಿತ್ತು.

ವರದಿ ಕೊಡುವ ಹಿಂದಿನ ದಿನ ಅವರಿಗೆ ಬೆಳಗಿನಿಂದಲೇ ಮೀಟಿಂಗು. ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಶಾಲೆಯಿಂದ ಥರ್ಮಾಮೀಟರುಗಳನ್ನು ತರಲು ನನಗೆ ಹೇಳಿದ್ದರು. ಎಂಟೂವರೆಗೆ ಹೋದೆ. ಶಾಲೆಯ ಹಿಂದಿದ್ದ ಬೇವಿನ ಮರದ ನೆರಳು ಸುಣ್ಣದ ತಾರಸಿಯನ್ನು ಪೂರ್ತಿ ಮುಚ್ಚಿತ್ತು. ಪಕ್ಕದ ಕೋಣೆ ಬರೀ ಬಿಸಿಲಿನಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಆ ನೆರಳು ಸರಿದುಹೋಗುತ್ತಿತ್ತು. ಅವರು ಬರುತ್ತಿದ್ದುದು ಮಧ್ಯಾಹ್ನವೇ... ಹಾಗಾದರೆ ಇಷ್ಟು ದಿನ ಗೆದ್ದದ್ದು ಸುಣ್ಣವೋ, ಬೆಳಗಿನ ನೆರಳೋ?

ಹೇಳಲೋ ಬೇಡವೋ ಎಂದು ಅವತ್ತು ಕೌಂಟರಿನಲ್ಲಿ ಕೂತು ದಿನವಿಡೀ ಒದ್ದಾಡಿದೆ. ಸಂಜೆ ಹೇಳಿದೆ. "ನೆರಳಾ?" ಎಂದವರು ಹಾಗೇ ಕುರ್ಚಿಯಲ್ಲಿ ಕೂತರು. ಮರುದಿನ ಬೆಳಿಗ್ಗೆ ತಾವೇ ಹೋಗಿ ನೋಡಿ ಬಂದರು. ಯಾರಿಗೆ ತಿಳಿಯುತ್ತದೆ, ಕೊಟ್ಟುಬಿಡಿ ಎಂದು ಹೆಂಡತಿ ತೆಲುಗಿನಲ್ಲಿ ಅಂದರು. "ನನಗೆ ತಿಳೀತು ಕದಾ" ಎಂದು ಇವರು ವರದಿಯನ್ನು ಬೀರುವಿನಲ್ಲಿಟ್ಟರು. ನನ್ನ ಕಡೆ ನೋಡಲಿಲ್ಲ.

ಮುಂದಿನ ಬೇಸಿಗೆಗೆ ಅವರು ನಿವೃತ್ತರಾಗಿದ್ದರು. ನಾನು ವಿಶಾಖಪಟ್ಟಣದ ಬಂದರಿನ ಹತ್ತಿರದ ಶಾಖೆಗೆ ವರ್ಗವಾಗಿದ್ದೆ. ಅಲ್ಲಿಗೆ ಅವರದೊಂದು ಕಾಗದ ಬಂತು. ಮೊದಲ ಕೋಣೆಯ ಸುಣ್ಣ ಮಳೆಗೆ ತೊಳೆದುಹೋಗಿತ್ತಂತೆ. ಈ ಸಲ ಇನ್ನೊಂದು ಕೋಣೆಗೆ ಬಳಿಸಿ, ನೆರಳಿನ ಲೆಕ್ಕವನ್ನೂ ಹಿಡಿದು ಮೂರು ಹೊತ್ತೂ ನೋಡಿದರಂತೆ. ವ್ಯತ್ಯಾಸ ಮೊದಲಿನ ಅರ್ಧವೂ ಇಲ್ಲ. "ಆದರೆ ಇದೆಯಮ್ಮಾ, ನಿಜವಾಗಿ ಇದೆ" ಎಂದು ಬರೆದಿದ್ದರು. ಹಳೆಯ ಆಫೀಸಿಗೆ ಹೊಸ ವರದಿ ಕೊಟ್ಟು ಬಂದಿದ್ದರು. ಅದು ಏನಾಯಿತೆಂದು ಕೇಳಿ ಬರೆಯಬೇಕೆಂದುಕೊಂಡೆ... ಬರೆಯಲಿಲ್ಲ. ನನ್ನಿಂದಾಗಿ ಅವರ ಕೆಲಸ ಕೆಟ್ಟಿತೇನೋ ಎಂಬ ಅಳುಕಿತ್ತು.

ಹೋದ ವಾರ ತಾರಸಿಯಿಂದ ಇಳಿದು ಬಂದವಳೇ ಹಳೆಯ ಡೈರಿ ಹುಡುಕಿ ಫೋನು ಮಾಡಿದೆ. ಮಗಳು ಎತ್ತಿಕೊಂಡಳು. ಪದಕ್ಕೆ ತಡಕಾಡುತ್ತಾ ಕನ್ನಡದಲ್ಲೇ ಹೇಳಿದಳು: "ನಾನ್ನಗಾರು... ಅಪ್ಪ ಹೋಗಿ ಎರಡು ವರ್ಷ ಆಯ್ತು ಆಂಟೀ."

ಕೈಯಲ್ಲಿದ್ದ ಡೈರಿ ಮುಚ್ಚಿಟ್ಟೆ. ಆಮೇಲೆ ವರದಿಯ ವಿಷಯ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. "ಆದ್ರೆ ಆ ಸ್ಕೂಲಿಗೆ ಮಾತ್ರ ಪ್ರತಿ ಬೇಸಿಗೆ ಸುಣ್ಣ ಬಳಿಸ್ತಿದ್ರು, ನಡೆಯೋಕಾಗೋವರೆಗೂ" ಎಂದಳು.

"ಯಾವ ಕೋಣೆಗೆ?"

"ಎರಡಕ್ಕೂ ಆಂಟೀ."

ಈ ವರ್ಷ ಯಾರು ಬಳಿಸಿದರು ಎಂದು ಕೇಳಿದೆ. "ಹೋಗಿ ನೋಡಿ ಹೇಳ್ತೀನಿ ಆಂಟೀ" ಎಂದಳು.