ಆ ಸರದಿಯ ರಕ್ತ

ಟೇಪಣ್ಣನ ಹೊಲಿಗೆ ಅಂಗಡಿಗೂ ನನ್ನ ಬೀಗದಕೈ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಅದನ್ನು ಗೋಡೆ ಎಂದು ಕರೆಯುವವನು ಬಾಡಿಗೆ ವಸೂಲಿಗೆ ಬರುವ ಮಾಲೀಕನೊಬ್ಬನೇ. ಆ ಕಡೆ ಸೀನಿದರೆ ಈ ಕಡೆ ಮೂಗು ಒರೆಸಿಕೊಳ್ಳಬೇಕು. ಹಾಗಾಗಿ ನಾನು ಇಲ್ಲಿ ಹೇಳುವುದರಲ್ಲಿ ಅರ್ಧ ಅವನೇ ಹೇಳಿದ್ದು, ಉಳಿದದ್ದು ನನ್ನ ಕಿವಿಗೆ ತಾನಾಗಿ ಬಿದ್ದದ್ದು.

ಅವನು ಹೊಸ ಬಟ್ಟೆ ಹೊಲಿಯುವುದಿಲ್ಲ. ಬೇರೆಯವರು ಹೊಲಿದದ್ದನ್ನು ಸರಿಮಾಡುವುದೇ ಅವನ ಕಸುಬು. ಉದ್ದವಾದದ್ದನ್ನು ಗಿಡ್ಡ ಮಾಡುತ್ತಾನೆ, ಸಡಿಲವಾದದ್ದನ್ನು ಹಿಡಿಯುತ್ತಾನೆ, ಜಿಪ್ಪು ಬದಲಿಸುತ್ತಾನೆ. ಕೊರಳಿಂದ ಟೇಪು ಇಳಿದದ್ದೇ ಇಲ್ಲ, ಅದಕ್ಕೇ ಬೀದಿಗೆಲ್ಲ ಅವನು ಟೇಪಣ್ಣ. ಕೈಕೆಲಸದಲ್ಲಿ ಗಟ್ಟಿಗ, ಮನುಷ್ಯ ಪುಕ್ಕಲ. ಗಿರಾಕಿ ದಬಾಯಿಸಿದರೆ ತನ್ನದಲ್ಲದ ತಪ್ಪಿಗೂ "ಆಯ್ತು ಬಿಡಿ, ಸರಿಮಾಡ್ಕೊಡ್ತೀನಿ" ಎನ್ನುತ್ತಾನೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಅವನಿಗೆ ಒಬ್ಬಳೇ ತಂಗಿ. ಸಿಟಿ ಬಸ್ಸಿನ ಡ್ರೈವರ್. ಅಣ್ಣ ತಾಯಿಯ ಹೊಟ್ಟೆಯಲ್ಲಿ ಬಿಟ್ಟುಬಂದ ಧೈರ್ಯವನ್ನೆಲ್ಲ ಬಾಚಿಕೊಂಡು ಹುಟ್ಟಿದವಳು. ಇವರ ಅಪ್ಪ ಹೋದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ. ಕೆಲವು ವರ್ಷ ಬಿಟ್ಟು ಅಪ್ಪನ ಅಕ್ಕನೂ ಅದರಲ್ಲೇ ಹೋದಳು. ಇಬ್ಬರಿಗೂ ಕಣ್ಣು ಹಳದಿಯಾಗುವ ತನಕ ಏನೂ ಗೊತ್ತಾಗಿರಲಿಲ್ಲ, ಗೊತ್ತಾದಾಗ ಕೈಮೀರಿತ್ತು.

ಅತ್ತೆ ತೀರಿಕೊಂಡ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅಣ್ಣತಂಗಿಯರನ್ನು ಕರೆಸಿದರು. ಕೆಲವು ಮನೆಗಳಲ್ಲಿ ಈ ಕಾಯಿಲೆಯ ದೋಷ ರಕ್ತಸಂಬಂಧದಲ್ಲೇ ಇಳಿದು ಬರುತ್ತದೆ, ನಿಮ್ಮಲ್ಲಿ ಇದೆಯೋ ಇಲ್ಲವೋ ನೋಡೋಣ ಎಂದರು. ಫಲಿತಾಂಶ ಬಂದ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು. ಮೊದಲು ಹೋದವನು ಟೇಪಣ್ಣ. ದೋಷ ಇರಲಿಲ್ಲ. ಹೊರಗೆ ಬಂದವನೇ, ಬೆಂಚಿನ ಮೇಲೆ ಕಾಯುತ್ತಿದ್ದ ತಂಗಿಯ ಎದುರಿಗೇ "ಅಬ್ಬಾ, ಬದುಕಿದೆ!" ಎಂದುಬಿಟ್ಟ. ಅವಳು ನಕ್ಕು ಅವನ ಬೆನ್ನಿಗೊಂದು ಗುದ್ದಿ ಒಳಗೆ ಹೋದಳು. ದೋಷ ಅವಳಲ್ಲಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತನ್ನು ಅವನು ಇವತ್ತಿಗೂ ಅಗಿಯುತ್ತಲೇ ಇದ್ದಾನೆ.

"ಯಾರಿಗಾದ್ರೂ ಹಾಗೇ ಅನ್ಸುತ್ತೆ ಕಣಯ್ಯ," ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

"ಅನ್ಸೋದು ಬೇರೆ. ಅವಳ ಮುಂದೆ ಅನ್ನೋದು ಬೇರೆ."

ಡಾಕ್ಟರಮ್ಮನ ಕೆಲಸವೇನೆಂದರೆ, ಕಣ್ಣು ಹಳದಿಯಾಗುವುದಕ್ಕೆ ಬಹಳ ಮುಂಚೆ, ಗೆಡ್ಡೆ ಇನ್ನೂ ಕಡಲೆಕಾಳಿನಷ್ಟಿರುವಾಗಲೇ, ರಕ್ತದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂದು ಹುಡುಕುವುದು. ಅದಕ್ಕೆ ದೋಷವಿರುವವರ ರಕ್ತ ಒಂದೇ ಸಾಲದು. ಪಕ್ಕಕ್ಕಿಟ್ಟು ಹೋಲಿಸಲು ದೋಷವಿಲ್ಲದ ಒಡಹುಟ್ಟಿನ ರಕ್ತವೂ ಬೇಕು. ಅದಕ್ಕೇ ಆರಾರು ತಿಂಗಳಿಗೊಮ್ಮೆ ಅಣ್ಣತಂಗಿ ಒಂದೇ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಅಕ್ಕಪಕ್ಕದ ಕುರ್ಚಿಯಲ್ಲಿ ತೋಳು ಚಾಚಬೇಕಿತ್ತು. ನರ್ಸು ರಕ್ತವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಪುಟ್ಟ ಟ್ಯೂಬುಗಳಿಗೆ ತುಂಬುತ್ತಿದ್ದಳು. ಒಂದನ್ನು ಆಗಲೇ ಪರೀಕ್ಷೆಗೆ ಕಳಿಸಿ ಉಳಿದವನ್ನು ಫ್ರೀಜರಿನಲ್ಲಿ ಇಡುವುದು. ನಾಳೆ ಯಾರಿಗಾದರೂ ಕಾಯಿಲೆ ಬಂದರೆ ಅವರ ಹಳೆಯ ಟ್ಯೂಬುಗಳನ್ನೆಲ್ಲ ತೆಗೆದು, ಯಾವ ಅಂಶ ಯಾವಾಗ ಏರತೊಡಗಿತು ಎಂದು ಹಿಂದಿನಿಂದ ನೋಡಿಕೊಂಡು ಬರುತ್ತಾರಂತೆ.

"ನಾವು ಕೆಟ್ಟು ಕೆರ ಹಿಡಿದ್ರೂ ನಮ್ಮ ರಕ್ತ ಮಾತ್ರ ಕೆಡಲ್ಲ ನೋಡಣ್ಣ," ಎಂದು ತಂಗಿ ತಮಾಷೆ ಮಾಡಿದರೆ ನರ್ಸೂ ನಗುತ್ತಿದ್ದಳಂತೆ. ಟೇಪಣ್ಣನಿಗೆ ಮಾತ್ರ ನಗು ಬರುತ್ತಿರಲಿಲ್ಲ. ತನ್ನ ಟ್ಯೂಬು ಪ್ರತಿಸಲವೂ ತಂಗಿಯದರ ಪಕ್ಕ ಕೂತು "ನೋಡು, ನಾನು ಪಾರಾದೆ" ಎಂದು ಮೆರೆಯುತ್ತಿದೆ ಎಂಬುದು ಅವನ ಕೊರಗು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕದ್ದವನಾದರೂ ಆಗಿರಬೇಕಲ್ಲ! ಇವನು ಏನನ್ನೂ ಕದ್ದಿರಲಿಲ್ಲ. ಆದರೂ ತಂಗಿ ಏನೆಂದರೂ ಹೂಂಗುಟ್ಟುವುದು, ಅವಳನ್ನು ಒಂದು ಮಾತೂ ಗದರದೆ ಇರುವುದು ಅವನಿಗೆ ರೂಢಿಯಾಯಿತು. ಅಣ್ಣನಾಗಿದ್ದವನು ಅಪರಾಧಿಯಾಗಿಬಿಟ್ಟಿದ್ದ.

ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೊಂದು ದಿನ ತಂಗಿ ಡ್ಯೂಟಿ ಮುಗಿಸಿ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, "ಈ ಸಲ ನಾನು ಬರಲ್ಲ" ಎಂದಳು.

"ಯಾಕೆ?"

"ಸಾಕಾಗಿದೆ ಅಣ್ಣ. ರಕ್ತ ಕೊಟ್ಟು ಬಂದ್ಮೇಲೆ ಅವರು ಫೋನ್ ಮಾಡೋ ತನಕ ನಾನು ಮನುಷ್ಯಳೇ ಅಲ್ಲ. ಸಿಗ್ನಲ್ ಹಸಿರಾದ್ರೂ ಕಾಣಲ್ಲ."

"ಆದ್ರೂ..."

"ನಿನಗೇನಣ್ಣ, ನೀನು ಪಾಸಾದವನು."

ಹಲಗೆಯ ಆ ಕಡೆ ಹೊಲಿಗೆ ಯಂತ್ರ ನಿಂತಿತು. ಈಗ ಬಾಯಿ ಬಿಡುತ್ತಾನೆ, ಈಗ ಗದರುತ್ತಾನೆ ಎಂದು ನಾನು ಕಾದೆ. "ಆಯ್ತು ಬಿಡು" ಎಂದ, ಗಿರಾಕಿಗೆ ಹೇಳುವ ಹಾಗೆಯೇ.

ಅದಕ್ಕಿಂತ ದೊಡ್ಡ ತಪ್ಪನ್ನು ಮಾಡಿದ್ದು ಆಮೇಲೆ. ಆ ಸರದಿಗೆ ಒಬ್ಬನೇ ಹೋದ. ನರ್ಸು ಕೇಳಿದ್ದಕ್ಕೆ "ತಂಗಿಗೆ ಜ್ವರ, ಮುಂದಿನ ವಾರ ಬರ್ತಾಳೆ" ಎಂದು ಸುಳ್ಳು ಹೇಳಿದ. ಜೊತೆಯವಳ ರಕ್ತವಿಲ್ಲದೆ ತನ್ನದಕ್ಕೆ ಬೆಲೆಯಿಲ್ಲ ಎಂದು ಗೊತ್ತಿದ್ದೂ ತೋಳು ಚಾಚಿ ರಕ್ತ ಕೊಟ್ಟು ಬಂದ. ಅವನ ಮಾತನ್ನು ನಂಬಿ ನರ್ಸು ಎರಡು ವಾರ ಸುಮ್ಮನಿದ್ದಳು. ಆಮೇಲೆ, ಇಬ್ಬರಿಗೂ ಸೇರಿ ಬರೆಸಿದ್ದ ಇವನ ನಂಬರಿಗೆ ಫೋನ್ ಮಾಡಿದರೆ ಇವನು ಎತ್ತಲಿಲ್ಲ.

"ಎತ್ತಯ್ಯ, ಅವಳ ಜೀವದ ಮಾತು ಅದು," ಎಂದು ನಾನು ಈ ಕಡೆಯಿಂದಲೇ ಕೂಗಿದೆ.

"ಬಾ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಮುಖ ಯಾಕಯ್ಯ, ಬಾಯಿ ಸಾಕು!"

ಅವನಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪ. ನುಂಗಲಿಲ್ಲ, ಉಗುಳಲಿಲ್ಲ. ನಾನೂ ಬಿಟ್ಟುಬಿಟ್ಟೆ. ಅಣ್ಣತಂಗಿಯರ ನಡುವೆ ನಾನ್ಯಾರು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಎಷ್ಟು ಸುಲಭ!

ಕೆಲವು ತಿಂಗಳು ಕಳೆದ ಮೇಲೆ ತಂಗಿ ಯೂನಿಫಾರಮ್ಮಿನ ಪ್ಯಾಂಟು ತಂದಳು. ಸೊಂಟ ಸ್ವಲ್ಪ ಹಿಡಿದುಕೊಡು ಎಂದಳು. "ಡಯಟ್ಟಾ?" ಎಂದು ಅವನು ಕೇಳಿದರೆ "ಡ್ಯೂಟಿ" ಎಂದು ನಕ್ಕಳು. ಹಿಡಿದುಕೊಟ್ಟ. ಆಮೇಲೆ ಅದೇ ಪ್ಯಾಂಟು ಮತ್ತೆ ಬಂತು. ಅವಳು ಹೋದ ಮೇಲೆ ಟೇಪಣ್ಣ ಅದನ್ನು ಮೇಜಿನ ಮೇಲೆ ಹರಡಿ, ತಾನೇ ಹಾಕಿದ್ದ ಹೊಲಿಗೆಯ ಮೇಲೆ ಟೇಪು ಇಟ್ಟು, ಇಟ್ಟಂತೆಯೇ ನಿಂತಿದ್ದ. ನಾನು ಚಹಾ ಹೇಳಲು ಇಣುಕಿದವನು ಅವನ ಮುಖ ನೋಡಿ ಹಿಂದೆ ಸರಿದೆ.

"ಅಪ್ಪನೂ ಹೀಗೇ ಇಳಿದಿದ್ದು," ಎಂದ.

ಅವತ್ತು ಮಧ್ಯಾಹ್ನ ಅಂಗಡಿಯ ಷಟರ್ ಎಳೆದು ಓಡಿದ. ಮುಂದಿನದನ್ನು ಹೇಳಿದ್ದು ಬಸ್ಸಿನ ಕಂಡಕ್ಟರ್. ತಂಗಿಯ ಬಸ್ಸು ಹತ್ತಿ ಕೊನೆಯ ಸ್ಟಾಪಿನ ತನಕ ಉಸಿರೆತ್ತದೆ ಕೂತಿದ್ದನಂತೆ. ಜನ ಇಳಿದ ಮೇಲೆ ಡ್ರೈವರ್ ಸೀಟಿನ ಪಕ್ಕ ನಿಂತು, ಡಿಪೋದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದನಂತೆ.

"ಇಳಿಯೇ ಕೆಳಗೆ! ಹೌದು, ನಾನು ಪಾಸಾದವನೇ. ಬೈಯಿ, ಉಗಿ, ಏನಾದ್ರೂ ಮಾಡು. ನಾಳೆ ಬೆಳಗ್ಗೆ ನನ್ನ ಜೊತೆ ಬರ್ತೀಯ."

"ಅಂತೂ ಈಗ ಬಾಯಿ ಬಂತಲ್ಲ ನಿನಗೆ!" ಎಂದಳಂತೆ ಅವಳು. ಮಾರನೆಯ ಬೆಳಗ್ಗೆ ಹೋದಳು.

ರಕ್ತದಲ್ಲಿ ಅವರು ಕಣ್ಣಿಟ್ಟಿದ್ದ ಅಂಶ ಏರಿತ್ತು. ಅದೇ ವಾರ ಸ್ಕ್ಯಾನ್ ಮಾಡಿದರು. ಗ್ರಂಥಿಯ ಬಾಲದಲ್ಲಿ ಸಣ್ಣ ಗೆಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಗೆಡ್ಡೆ ಪೂರ್ತಿ ಹೊರಬಂತು. ಆದರೆ ಪಕ್ಕದ ಒಂದು ದುಗ್ಧರಸದ ಗಂಟಿಗೂ ಅದು ಕಾಲಿಟ್ಟಿತ್ತು. ಹಾಗಾಗಿ ಕೀಮೋ ಕೊಡಬೇಕು, ಮುಂದೆ ಹೇಗೋ ಈಗಲೇ ಹೇಳಲಾಗದು ಎಂದರು. "ನಿಮ್ಮ ತಂದೆಗಿಂತ ಬಹಳ ಬೇಗ ಸಿಕ್ಕಿದೆ" ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರೆ ಇವನು ಕೇಳಿದ್ದು ಒಂದೇ ಪ್ರಶ್ನೆ.

"ಹೋದ ಸರದಿಗೆ ಬಂದಿದ್ರೆ ಗಂಟಿಗೆ ಹೋಗೋಕೆ ಮುಂಚೆ ಸಿಗ್ತಿತ್ತಾ?"

"ಅದರ ಹಿಂದಿನದನ್ನ ತೆಗೆದು ನೋಡಿದ್ವಿ, ಏನೂ ಇರಲಿಲ್ಲ. ಮಧ್ಯದ್ದು ಗೊತ್ತಾಗಬೇಕಾದ್ರೆ ಟ್ಯೂಬ್ ಬೇಕಲ್ಲ," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ ಎಂದು ನನ್ನ ಲೆಕ್ಕ.

ಕೀಮೋ ಶುರುವಾದ ಮೇಲೆ ತಂಗಿ ಒಂದು ದಿನ ಅಂಗಡಿಗೆ ಬಂದಳು. ಟೊಪ್ಪಿ ಹಾಕಿದ್ದಳು. ಸ್ಟೂಲಿನಲ್ಲಿ ಕೂತು ಸುಧಾರಿಸಿಕೊಳ್ಳಲು ಹೊತ್ತು ಬೇಕಾಯಿತು. ನಾನು ಅರೆಯುತ್ತಿದ್ದ ಬೀಗದಕೈಯನ್ನು ಕೆಳಗಿಟ್ಟೆ. ಕೇಳಬಾರದೆಂದರೂ ಎಲ್ಲಿಗೆ ಹೋಗಲಿ?

"ನಿನ್ನ ಹತ್ರ ಒಂದು ಮಾತು ಹೇಳ್ಬೇಕು," ಎಂದ ಟೇಪಣ್ಣ. "ಅವತ್ತು ನೀನು ಬರಲ್ಲ ಅಂದ್ಯಲ್ಲ, ನಾನೊಬ್ಬನೇ ಹೋಗಿದ್ದೆ. ನಿನಗೆ ಜ್ವರ ಅಂತ ಸುಳ್ಳು ಹೇಳಿದೆ. ಅವರು ಫೋನ್ ಮಾಡಿದ್ರು, ಎತ್ತಲಿಲ್ಲ."

"ಹೋಗ್ಲಿ ಬಿಡು. ಬರಲ್ಲ ಅಂದಿದ್ದು ನಾನು."

"ನೀನು ಹೆದ್ರಿ ಅಂದೆ. ನಾನು ಒಳ್ಳೆಯವನಾಗಿರೋಣ ಅಂತ ಸುಮ್ಮನಾದೆ."

ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆದು ಹೋಯಿತು.

"ಹಾಗಾದ್ರೆ ಆ ಸರದಿಯ ಟ್ಯೂಬು ಅಲ್ಲಿದೆಯಾ?" ಎಂದು ಕೇಳಿದಳು.

"ನಿಂದಿಲ್ಲ. ನಂದಿದೆ."

"ಅದನ್ನ ನೋಡಿದ್ರಾ?"

"ನೋಡಿದ್ರು."

"ಏನಂತೆ?"

ಅವನು ಹೇಳಲು ಎರಡು ಸಲ ಶುರುಮಾಡಬೇಕಾಯಿತು.

"ನಾನು ಚೆನ್ನಾಗಿದ್ನಂತೆ ಕಣೇ."