ಸುಡಾನಿನ ಅಂಟು, ನಿಪ್ಪಾಣಿಯ ಬೆರಳು

ಬೆಳಗಿನ ಆರೂವರೆ. ನಿಪ್ಪಾಣಿಯ ಹಳೇ ಪಿ.ಬಿ. ರೋಡಿನ ಹಿಂದಿನ ಗಲ್ಲಿಯಲ್ಲಿ ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಗೌರಾಬಾಯಿ ಗೋದಾಮಿನ ಮೂಡಲ ಬಾಗಿಲು ತಳ್ಳುತ್ತಾರೆ, ಅದರ ನೇರಕ್ಕೆ ತಾಡಪತ್ರಿ ಹಾಸುತ್ತಾರೆ, ಚೀಲದ ಬಾಯಿ ಬಿಚ್ಚಿ ಒಂದು ಮೊರದಷ್ಟು ಅಂಟು ಸುರಿದುಕೊಂಡು ಸುಮ್ಮನೆ ಕೂರುತ್ತಾರೆ. ಸೂರ್ಯ ಬರಬೇಕು. ಎದುರಿನ ತಂಬಾಕಿನ ವಖಾರಿಯ ಹೆಂಚು ದಾಟಿ ಬಿಸಿಲಿನ ಒಂದು ಕೋಲು ಓರೆಯಾಗಿ ಒಳಗೆ ಬಿದ್ದದ್ದೇ ತಡ, ಮೊರದ ತುಂಬ ಸಾವಿರ ಸಣ್ಣ ದೀಪಗಳು ಹತ್ತಿಕೊಳ್ಳುತ್ತವೆ. ಕೆಲವು ಜೇನಿನ ಬಣ್ಣ, ಕೆಲವು ಪಾಕದ ಬೆಲ್ಲದ ಬಣ್ಣ, ಕೆಲವಕ್ಕೆ ಬಣ್ಣವೇ ಇಲ್ಲ, ಬರೀ ಬೆಳಕು. ದೂರದ ಯಾವುದೋ ಬೆಳಗು ಒಂದೊಂದು ಹನಿಯೊಳಗೆ ನಿದ್ದೆಹೋಗಿ ಇಲ್ಲಿ ಎಚ್ಚರವಾದಂತೆ.

"ಈಗ ನೋಡ್ರಿ, ಒಳಗಿನ ಕಸಾ ಎಲ್ಲಾ ಕಾಣತೈತಿ. ಹತ್ತ ಗಂಟೇಕ ಬರ್ರಿ, ಕಲ್ಲೂ ಒಂದ, ಅಂಟೂ ಒಂದ" ಎನ್ನುತ್ತಾರೆ ಅವರು. ಕೈ ಆಗಲೇ ಓಡುತ್ತಿದೆ. ತೊಗಟೆ ಎಡಕ್ಕೆ, ಕಲ್ಲು ಮುಂದಕ್ಕೆ, ಇಡೀ ಹನಿ ಬಲಕ್ಕೆ. ಬಿಸಿಲೇರಿದರೆ ಅಂಟು ಬೆರಳನ್ನು ಹಿಡಿದುಕೊಂಡು ಬಿಡುವುದಿಲ್ಲ. ಹಾಗಾಗಿ ದಿನದ ಕೆಲಸವೆಲ್ಲ ಈ ನಾಲ್ಕು ತಾಸಿನದ್ದು.

ಗೌರಾಬಾಯಿಗೆ ಐವತ್ತೇಳು ವರ್ಷ. ಅಂಟು ಆರಿಸಲು ಕೂತು ಇಪ್ಪತ್ತಾರು. ಗೋದಾಮಿನ ಮಾಲೀಕ ಜಿನೇಂದ್ರ ಆಗ ಚಡ್ಡಿ ಹುಡುಗ. ಅಂಗಡಿ ನೋಡುತ್ತಿದ್ದವರು ತಂದೆ ಪಾರಿಸ. ಗಂಡ ಮಲಕಾರಿ ಬೋರಗಾಂವದ ಮಗ್ಗಗಳಲ್ಲಿ ಮೂವತ್ತು ವರ್ಷ ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಮನೆಯಲ್ಲಿ ಮಾತೆಲ್ಲ ಕೈಸನ್ನೆಯಲ್ಲಿ. ಉತ್ತರ ಮಾತ್ರ ಇಡೀ ಗಲ್ಲಿಗೆ ಕೇಳುವಂತೆ ಬರುತ್ತದೆ.

ಕರದಂಟು ತಿನ್ನುವವರು, ಬಾಣಂತಿಗೆ ಅಂಟಿನ ಉಂಡೆ ಕಟ್ಟುವವರು, ಈ ಹನಿ ಎಲ್ಲಿಯದು ಎಂದು ಕೇಳುವುದಿಲ್ಲ. ಜಾಲಿಯ ಜಾತಿಯ ಮರವೊಂದರ ತೊಗಟೆ ಗೀರಿದಾಗ ಒಸರಿ ಗಟ್ಟಿಯಾಗುವ ಹನಿ ಇದು. ಜಿನೇಂದ್ರರ ಗೋದಾಮಿಗೆ ಬರುವುದು ಹೆಚ್ಚಾಗಿ ಸುಡಾನಿನಿಂದ, ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಲಾರಿಯಲ್ಲಿ. ನಮ್ಮ ಕಡೆಯ ಬಾಣಂತಿಯರ ಸೊಂಟ ಗಟ್ಟಿಯಾಗುವುದರಲ್ಲಿ ಸುಡಾನಿನದೂ ಒಂದು ಪಾಲಿದೆ ಎಂದು ಯಾವ ಸೂಲಗಿತ್ತಿಯೂ ಹೇಳಿರಲಿಕ್ಕಿಲ್ಲ.

ಗೌರಾಬಾಯಿಗೆ ಆ ದೇಶ ನಕಾಶೆಯಲ್ಲಿ ಎಲ್ಲಿದೆ ಗೊತ್ತಿಲ್ಲ. ಆದರೆ ಅಲ್ಲಿ ಒಬ್ಬ ಹೆಂಗಸು ಇದ್ದಾಳೆ ಎಂಬುದು ಗೊತ್ತು. ಅವರ ಲೆಕ್ಕದಲ್ಲಿ ಒಬ್ಬಳೇ. ಚೀಲ ಇಲ್ಲಿಗೆ ಬರುವ ಮೊದಲು ಆಕೆ ಒಮ್ಮೆ ಆರಿಸಿರುತ್ತಿದ್ದಳು, ಅದೂ ಹೇಗೆ? ತೊಗಟೆ ಒಂದೂ ಇಲ್ಲ, ಹನಿಗಳೆಲ್ಲ ಅಳತೆಗೆ ಒಂದೇ. ಎರಡು ಹನಿ ಕೂಡಿಕೊಂಡು ಅವಳಿಯಾಗಿದ್ದರೆ ಅದನ್ನು ಒಡೆಯುತ್ತಿರಲಿಲ್ಲ, ಹಾಗೇ ಮೇಲಿಡುತ್ತಿದ್ದಳು. ಗೌರಾಬಾಯಿಯೂ ಅವಳಿ ಒಡೆಯುವವರಲ್ಲ. ಹೀಗೆ, ಎಂದೂ ಮುಖ ಕಾಣದ ಇಬ್ಬರ ನಡುವೆ ಒಂದು ಬಳಕೆ ಬೆಳೆದಿತ್ತು.

ಜೊತೆಗೆ ಕೂರುವ ಉಜ್ವಲಾಗೆ ಇದೊಂದು ತಮಾಷೆ. "ಏನಂತಾಳ ಅತ್ತಿ ನಿಮ್ಮ ಬೀಗತಿ? ಈ ಸಲ ಏನ ಕೊಟ್ಟ ಕಳಿಸ್ಯಾಳ?"

"ನಿನ್ನಂಗ ಅರ್ಧಾ ಕಸಾ ಬಿಟ್ಟ ಕಳಿಸೂದಿಲ್ಲ ಬೇ ಆಕಿ. ಕೈ ನೋಡಿ ಕಲಿ."

ಬೀಗತಿಯ ಕೈ ಅಷ್ಟು ಚೊಕ್ಕವಿದ್ದುದರಿಂದ ಇಲ್ಲಿ ಕೆಲಸ ಕಡಿಮೆ. ಆರು ಹೆಂಗಸರಿಗೆ ತಿಂಗಳಿಗೆ ಎಂಟೋ ಒಂಬತ್ತೋ ದಿನ.

2023ರ ದೀಪಾವಳಿ ಹೊತ್ತಿಗೆ ಬಂದ ಚೀಲಗಳಲ್ಲಿ ಬೀಗತಿ ಇರಲಿಲ್ಲ. ಮರಳು ಇತ್ತು, ತೊಗಟೆ ಇತ್ತು, ಇರುವೆಗಳಿದ್ದವು, ಅವಳಿ ಹನಿಗಳೆಲ್ಲ ಒಡೆದಿದ್ದವು. ಗೌರಾಬಾಯಿ ಮೊದಲ ಮೊರಕ್ಕೇ ಕೈ ನಿಲ್ಲಿಸಿದರು. ಕೈ ಬದಲಾಗಿದೆ, ಅಲ್ಲಿ ಏನೋ ಆಗಿದೆ ಎಂದು ಅವರಿಗೆ ಅನಿಸಿತು. ಆ ತಿಂಗಳು ಇಪ್ಪತ್ತೈದು ದಿನ ಕೆಲಸ ಸಿಕ್ಕಿತು. ಮುಂದಿನ ತಿಂಗಳೂ ಅಷ್ಟೇ. ಗೌರಾಬಾಯಿ ಯಾರಿಗೂ ಏನೂ ಹೇಳಲಿಲ್ಲ.

ಹೇಳದೆ ಒಂದು ವರ್ಷ ಕಳೆಯಿತು. ಒಂದು ಸಂಜೆ ಮಲಕಾರಿ ಹೆಂಡತಿಯ ಬೆರಳುಗಳ ಗೀರು ನೋಡಿ, ಇಷ್ಟು ಕಸ ಯಾಕೆ ಬರುತ್ತಿದೆ ಎಂದು ಕೇಳಿದರು. ಗೌರಾಬಾಯಿ ಕೈಸನ್ನೆಯಲ್ಲಿ ಹೇಳಿದರು: ಆರಿಸುವವರು ಇಲ್ಲ, ಮೊದಲ ದಿನವೇ ಗೊತ್ತಾಗಿತ್ತು, ಸುಮ್ಮನಿದ್ದೆ.

ಮಲಕಾರಿ ತಮ್ಮ ಮಟ್ಟಿಗೆ ಮೆಲ್ಲಗೇ ಕೇಳಿದರು. "ಅಲ್ಲೀ ಹೆಂಗಸರು ಸತ್ತಾರೇನ? ನಿನಗ ಗೊತ್ತಿತ್ತೇನ?"

ಗಲ್ಲಿಯ ಕಟ್ಟೆಗಳ ಮೇಲಿನ ಮಾತುಗಳೆಲ್ಲ ಒಮ್ಮೆಗೇ ನಿಂತವು. ಮರುದಿನ ಗೋದಾಮಿಗೆ ಹೋದಾಗ ಜಿನೇಂದ್ರರಿಗೂ ಸುದ್ದಿ ಮುಟ್ಟಿತ್ತು. ಅವರು ಫೋನಿನಲ್ಲಿ ಚಿತ್ರ ತೋರಿಸಿದರು. ಸುಟ್ಟ ಗುಡಿಸಲು, ಮರಳಿನ ಮೇಲೆ ಸಾಲಾಗಿ ನಡೆಯುತ್ತಿರುವ ಹೆಂಗಸರು. ಗೌರಾಬಾಯಿ ಮುಖ ನೋಡಲಿಲ್ಲ, ಒಬ್ಬೊಬ್ಬರ ಕೈ ನೋಡಿದರು. ಚಿತ್ರ ಸಣ್ಣದು, ಕೈ ಕಾಣಿಸುತ್ತಿರಲಿಲ್ಲ.

"ಎರಡ ದಂಡಿನವರ ಜಗಳ, ಮೌಶಿ. ಶುರುವಾಗಿ ಒಂದೂವರಿ ವರ್ಷದ ಮ್ಯಾಲಾತು. ಲಕ್ಷಗಟ್ಟಲೆ ಮಂದಿ ಊರ ಬಿಟ್ಟಾರ."

"ಯಾರೂ ಬಿಡಸಾಕ ಹೋಗಿಲ್ಲೇನ?"

"ದೊಡ್ಡ ದೇಶದವ್ರ ಸಭಾ ಆಗ್ಯಾವ."

"ಸಭಾದಾಗ ಏನ ಆತು?"

"ಮುಂದಿನ ಸಭಾ ಯಾವಾಗ ಅಂತ ಆತು."

ಜಿನೇಂದ್ರ ಓದಿದವರು. ಬೆರಳು ಮಡಚುತ್ತ ಕಾರಣ ಹೇಳಿದರು: ಪತ್ರಿಕೆಯ ಪುಟದಲ್ಲಿ ಆಗಲೇ ಬೇರೆ ಯುದ್ಧಗಳು ತುಂಬಿ ಜಾಗವಿಲ್ಲ, ಕ್ಯಾಮೆರಾ ಹಿಡಿದವರು ಒಳಗೆ ಹೋಗಲಾರರು, ಬಿಡಿಸಬೇಕಾದವರಲ್ಲೇ ಕೆಲವರು ಬಂದೂಕು ಕೊಡುತ್ತಿದ್ದಾರೆ ಎಂಬ ದೂರಿದೆ, ಉಳಿದವರಿಗೆ ಅಲ್ಲಿ ನಂಟರಿಲ್ಲ. ಗೌರಾಬಾಯಿ ನಾಲ್ಕನೇ ಬೆರಳಿನವರೆಗೆ ಕಾದರು.

"ಇಷ್ಟ ದೊಡ್ಡ ಮಾತ ಯಾಕ, ಜಿನ್ಯಾ? ನಾನೇ ಒಂದ ವರ್ಷ ಸುಮ್ಮನ ಕುಂತಿದ್ದೆ. ನನ್ನ ಬಾಯಿ ಯಾರ ಹಿಡಿದಿದ್ರು? ಕೆಲಸಾ ಬರಾಕತ್ತಿತ್ತು, ಸುಮ್ಮನಿದ್ದೆ. ಅವರಿಗೂ ಏನೋ ಬರಾಕತ್ತಿರಬೇಕ."

ಅಂತರರಾಷ್ಟ್ರೀಯ ಸಂಬಂಧಗಳ ಕುರಿತು ದಪ್ಪ ಪುಸ್ತಕಗಳಿವೆ. ಇಷ್ಟು ಚುಟುಕಾಗಿ ಹೇಳಿದವು ಕಡಿಮೆ. ಜಗತ್ತು ಯಾವಾಗಲೂ ತಡವಾಗಿ ಬರುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಹಿಂದೊಮ್ಮೆ ಅಮೆರಿಕ ಸುಡಾನಿನ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗ, ಅಂಟಿಗೆ ಮಾತ್ರ ಬೇಗನೆ ವಿನಾಯಿತಿ ಸಿಕ್ಕಿತ್ತು. ಅದಿಲ್ಲದೆ ತಂಪು ಪಾನೀಯಗಳು ಹದಕ್ಕೆ ಬರುವುದಿಲ್ಲ. ಬಾಟಲಿಯ ಸಂಕಟಕ್ಕೆ ಲೋಕದ ಕಿವಿ ಚುರುಕು.

ಅಂದಿನಿಂದ ಕನಸು ಬೀಳತೊಡಗಿದೆ ಎನ್ನುತ್ತಾರೆ ಗೌರಾಬಾಯಿ. ಯಡೂರಿನ ಹೊಳೆಯಂಥ ಒಂದು ಹೊಳೆ, ನೀರಿನ ಬದಲು ಅಂಟು, ನಿಧಾನಕ್ಕೆ ಹರಿಯುತ್ತಿದೆ. ಆಚೆ ದಡದಲ್ಲಿ ಒಬ್ಬಾಕೆ ಬೆನ್ನು ತಿರುಗಿಸಿ ಕೂತು ಏನೋ ಆರಿಸುತ್ತಿದ್ದಾಳೆ. "ಕೂಗಬೇಕ ಅಂತೀನ್ರಿ. ಹೆಸರ ಗೊತ್ತಿಲ್ಲ. ಬೀಗತೀ ಅಂತ ಕೂಗಿದ್ರ ಆಕೀಗೆ ಹೆಂಗ ತಿಳೀಬೇಕ?"

ಕಳೆದ ತಿಂಗಳು ಒಬ್ಬ ದಲಾಲಿ ಹೊಸ ಮಾಲಿನ ಮಾದರಿ ಕಳಿಸಿದ. ಕಾಗದದಲ್ಲಿ ದೇಶದ ಹೆಸರು ಬೇರೆ, ದರ ಬಹಳ ಇಳಿಕೆ. ಕೊಂಡರೆ ಆರೂ ಹೆಂಗಸರಿಗೆ ಬೇಸಗೆ ಮುಗಿಯುವವರೆಗೆ ಕೆಲಸ. ಹಳೇ ದಾಸ್ತಾನು ತಳ ಕಾಣುತ್ತಿತ್ತು, ಬೇರೆ ಮಾಲು ಇನ್ನೂ ಗೊತ್ತುಮಾಡಿರಲಿಲ್ಲ. ಗೋದಾಮಿನ ರೂಢಿಯಂತೆ ಗೌರಾಬಾಯಿ ನಾಲಿಗೆಗಿಟ್ಟು ಹೂಂ ಅನ್ನದೆ ಮಾಲು ಇಳಿಯುವುದಿಲ್ಲ. ಪಾರಿಸರ ಕಾಲದ ಪದ್ಧತಿ, ಮಗ ಮುರಿದಿಲ್ಲ.

ಅವರು ಒಂದು ಹನಿ ನಾಲಿಗೆಯ ಮೇಲಿಟ್ಟುಕೊಂಡರು. ಹೊಗೆಯ ರುಚಿ. ಮೊರವನ್ನು ಬೆಳಕಿಗೆ ಹಿಡಿದರು. ಹನಿಗಳು ಅಳತೆಗೆ ಒಂದೇ, ತೊಗಟೆ ಒಂದೂ ಇಲ್ಲ, ಅವಳಿಗಳು ಒಡೆದಿಲ್ಲ. ಅವುಗಳ ನಡುವೆ ಬೂದಿ, ಸುಟ್ಟ ಗೋಣಿಯ ನಾರು, ಗಾಜಿನ ಚೂರು. ಒಂದು ಅವಳಿಯನ್ನು ಎತ್ತಿ ಸೆರಗಿನಿಂದ ಬೂದಿ ಒರೆಸಿದರು.

"ಇದು ಆರಿಸಿ ಇಟ್ಟಿದ್ದ ಮಾಲ. ಆರಿಸಿಟ್ಟಿದ್ದನ್ನ ಯಾರೋ ಸಲಿಕೀಲೆ ಬಳದ ತುಂಬ್ಯಾರ. ಆರಿಸಿದಾಕಿ ಹಿಂಗ ತುಂಬೂದಿಲ್ಲ."

"ಕಾಗದ ಎಲ್ಲಾ ಬರೋಬ್ಬರಿ ಅದಾವ, ಮೌಶಿ."

"ಕಾಗದ ನನಗ ಓದಾಕ ಬರೂದಿಲ್ಲ. ಲೂಟಿ ಮಾಲ ಇದ, ಬ್ಯಾಡ."

ಉಜ್ವಲಾ ಮೊರ ಕುಕ್ಕಿದಳು. "ನೀವ ಬ್ಯಾಡ ಅಂದಕೂಡ್ಲೆ ಅದು ಹೊಳ್ಳಿ ಆಕೀ ಮನೀಗೆ ಹೋಗ್ತೈತೇನ? ಬ್ಯಾರೇದವ್ರ ತಗೋತಾರ. ನಮ್ಮ ಆರ ಮಂದೀ ಹೊಟ್ಟಿ?"

"ತಗೊಳ್ಳವ್ರ ತಗೊಳ್ಳಿ. ಒಂದ ಸಲ ಸುಮ್ಮನ ಕುಂತೇನಿ. ಎರಡನೇ ಸಲ ಆಗೂದಿಲ್ಲ, ಉಜ್ಜೀ."

ಉಜ್ವಲಾ ಹೇಳಿದ್ದೇ ಆಯಿತು. ಮಾಲನ್ನು ಬೇರೆ ಊರಿನವರು ಕೊಂಡರು. ನಿಪ್ಪಾಣಿಯಿಂದ ಹೊರಟ ಈ ನಿರ್ಬಂಧದ ಸುದ್ದಿ ಯಾವ ರಾಜಧಾನಿಯನ್ನೂ ತಲುಪಲಿಲ್ಲ. ಉಜ್ವಲಾ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ಅಥಣಿ ಕಡೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸವಿದೆ ಎಂದು ಗೌರಾಬಾಯಿಯೇ ವಿಚಾರಿಸಿಕೊಂಡು ಬಂದರು. ಈಗ ಐದು ಹೆಂಗಸರು ನಸುಕಿಗೇ ಟೆಂಪೋ ಹತ್ತುತ್ತಾರೆ. ಗೌರಾಬಾಯಿಯ ಬೆನ್ನು ಅಷ್ಟು ದೂರದ ಟೆಂಪೋ ತಡೆಯುವುದಿಲ್ಲ. ಗೋದಾಮಿನಲ್ಲಿ ಹಳೆಯ ಒಂಬತ್ತು ಚೀಲ ಉಳಿದಿವೆ, ಅವರೊಬ್ಬರೇ ಆರಿಸುತ್ತಾರೆ. ಮಲಕಾರಿ ಹೆಂಡತಿಯ ಪರಾಕ್ರಮವನ್ನು ಗುಟ್ಟಾಗಿ ಇಡೀ ಗಲ್ಲಿಗೆ ಹೇಳಿ ಮುಗಿಸಿದ್ದಾರೆ.

ಒಂಬತ್ತು ಚೀಲ ಮುಗಿದ ಮೇಲೆ?

ಗೌರಾಬಾಯಿ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾರೆ. ಬಿಸಿಲು ಏರಿದೆ, ಅಂಟು ಹಿಡಿಯತೊಡಗಿದೆ.

"ಅಲ್ಲೀ ಜಗಳ ನಿಂತ, ಮಾಲ ಮೊದಲಿಗಿಂತಾ ಚೊಕ್ಕ ಬರಬೇಕ್ರಿ. ನಾನು ಇಡೀ ಮುಂಜಾನೆ ಮೊರದಾಗ ಕೈಯಾಡಿಸ್ಬೇಕ, ಒಂದ ಕಲ್ಲ ಸಿಗಬಾರ್ದು. ಆಗ ಜಿನ್ಯಾ ಅಂತಾನ, ಮೌಶಿ, ನಿಮಗಿನ್ನ ಇಲ್ಲಿ ಕೆಲಸ ಇಲ್ಲ ಅಂತ. ಅದೊಂದ ಮಾತ ಕೇಳೂದ ಐತ್ರಿ ನನಗ."